ಹನ್ನೊಂದನೆಯ ಮನೆಯ ಚಾತಕ

ಅಕ್ಕನ ವಹಿಯಲ್ಲಿ ಗಿಡಗಳಿಗೆ ಮನೆ ನಂಬರುಗಳಿವೆ. ಚೊಳಚಗುಡ್ಡದ ಅವಳ ಹಿತ್ತಲು ದಾಟಿದ ಕೂಡಲೇ ಸಿಗುವ ಬೇವಿನಮರ ಒಂದನೆಯ ಮನೆ. ಕೆಟ್ಟು ನಿಂತ ಬೋರಿನ ಕೈಪಂಪು, ಅದರ ಸುತ್ತಲಿನ ಲೆಕ್ಕಿ ಕಂಟಿ ಸೇರಿ ಎರಡು. ಹಳ್ಳದ ದಂಡೆಗೆ ಸಾಲಾಗಿ ನಿಂತ ಎಕ್ಕಿಗಿಡಗಳು ಮೂರು. ಎಲೆತೋಟದ ಕಲ್ಲಿನ ಗೋಡೆ ಐದು. ಅಲ್ಲಿಂದ ಗುಡ್ಡದ ಕಡೆ ಏರಿದರೆ ಕವಳಿ ಕಂಟಿ, ಸೀಳಿದ ಬಂಡೆ, ಹುಣಸಿ, ಹೀಗೆ ಹೋಗಿ ಹೋಗಿ ಹನ್ನೊಂದನೆಯದು ಜಾಲಿಮರಗಳ ಒಂದು ಗುಂಪು. ಒಟ್ಟು ಹದಿನಾಲ್ಕು. ಮನುಷ್ಯರು ಯಾರೂ ಇರದ ಈ ಮನೆಗಳಿಗೆ ನಾವು ಅಕ್ಕ ತಮ್ಮ ನಾಲ್ಕು ಬ್ಯಾಸಗಿಯಿಂದ ಬೆಳಿಗ್ಗೆ ಐದೂವರೆಗೆ ಎದ್ದು ಹೋಗುತ್ತೇವೆ. ಯಾರು ಇದ್ದಾರೆ, ಯಾರು ಇಲ್ಲ ಎಂದು ಬರೆದುಕೊಂಡು ಬಿಸಿಲೇರುವ ಮುಂಚೆ ವಾಪಸ್ ಬರುತ್ತೇವೆ. ಹಕ್ಕಿ, ಹುಳ, ಹೂಬಿಟ್ಟ ಗಿಡ, ಯಾವುದಾದರೂ ಸರಿ.

ಇದಕ್ಕೆ ಕಾರಣ ಅವಳ ನೌಕರಿ. ಅಕ್ಕ ಆರೋಗ್ಯ ಉಪಕೇಂದ್ರದಲ್ಲಿ ನರ್ಸಬಾಯಿ ಆಗಿದ್ದವಳು. ಮೊದಲ ಕೆಲವು ವರ್ಷ ಕಲಾದಗಿ ಕಡೆ, ಉಳಿದದ್ದೆಲ್ಲ ಬಾದಾಮಿಯ ಸುತ್ತಲಿನ ಹಳ್ಳಿಗಳಲ್ಲಿ. ಪೋಲಿಯೋ ಹನಿ ಹಾಕುವ ದಿನಗಳಲ್ಲಿ ಮನೆಮನೆಗೆ ಹೋಗಿ, ಬಾಗಿಲ ಬಾಜೂಕೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗುರುತು ಹಾಕಬೇಕು. ಮನೆಯ ಕೂಸುಗಳಿಗೆಲ್ಲ ಹನಿ ಬಿದ್ದಿದ್ದರೆ ಪಿ. ಒಂದೇ ಒಂದು ಕೂಸು ತಪ್ಪಿದ್ದರೂ, ಅದು ಅಜ್ಜಿ ಊರಿಗೆ ಹೋಗಿರಲಿ, ಜ್ವರ ಬಂದು ಮಲಗಿರಲಿ, ಮನೆಗೆ ಕೀಲಿ ಬಿದ್ದಿರಲಿ, ಎಕ್ಸ್. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು. ಆಗಲೂ ಸಿಗದಿದ್ದರೆ ಮತ್ತೊಮ್ಮೆ. ಅಕ್ಕ ತನ್ನ ನೌಕರಿಯಲ್ಲಿ ಹೆಚ್ಚು ನಡೆದದ್ದು ಪಿ ಮನೆಗಳಿಗಲ್ಲ, ಈ ಎಕ್ಸ್ ಮನೆಗಳಿಗೆ. ಅವಳ ಮೊಣಕಾಲು ಸವೆದದ್ದೂ ಅವುಗಳ ಹೊಸ್ತಿಲಲ್ಲೇ ಎಂದು ನನ್ನ ಲೆಕ್ಕ.

ನಿವೃತ್ತಿಯ ದಿನ ರಜಿಸ್ಟರುಗಳನ್ನೆಲ್ಲ ಒಪ್ಪಿಸಿ ಬರಿಗೈಲಿ ಮನೆಗೆ ಬಂದಳು. ಎರಡು ತಿಂಗಳು ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಎಣಿಸಿದಳು. ಅದೇ ಬ್ಯಾಸಗಿ ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ, ದಿನಾ ಒಂದು ತಾಸು ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಾನು ಹುನಗುಂದ ತಾಲೂಕಿನ ಒಂದು ಹೈಸ್ಕೂಲಿನ ಗಣಿತದ ಮಾಸ್ತರ. ಮನೆ ಇಳಕಲ್ಲಿನಲ್ಲಿ. ಸೂಟಿ ಬಿದ್ದರೆ ಅಕ್ಕನ ಊರಿಗೆ ಬರುತ್ತೇನೆ. ನಾನು ಈ ಕಡೆ ಬಂದರೆ ತನಗೂ ಸೂಟಿ ಎನ್ನುತ್ತಾಳೆ ನನ್ನ ಹೆಂಡತಿ. ಆ ಬ್ಯಾಸಗಿ ನಾನು ಒಂದು ತಾಸಿನ ನಡಿಗೆಗೆ ಹೊರಟು, ಬನಶಂಕರಿಯ ಚಹಾದಂಗಡಿಯಲ್ಲಿ ಮುಕ್ಕಾಲು ತಾಸು ಕಳೆದು ಬರುತ್ತಿದ್ದೆ. ನಾಲ್ಕನೆಯ ದಿನ ಅಕ್ಕ ಚಪ್ಪಲಿ ಮೆಟ್ಟಿ ನನ್ನ ಹಿಂದೆ ಬಂದಳು.

"ಸುಮ್ನ ಅಡ್ಡಾಡಿದ್ರ ನೀ ಹಾದಿ ತಪ್ಪತಿ," ಎಂದಳು. "ಕಂಡದ್ದು ಬರಕೋತ ಹೋಗೂಣು. ಬರದಿದ್ದು ನೋಡಿದ್ರ ಎಷ್ಟ ದೂರ ಹೋಗೀಯಂತ ನನಗೂ ತಿಳೀತೈತಿ."

ಹೀಗೆ ನನ್ನ ಮೇಲಿನ ಕಾವಲಾಗಿ ಶುರುವಾದ ವಹಿ ಅದು. ನಿಯಮ ಒಂದೇ. ಕಂಡದ್ದಷ್ಟನ್ನೇ ಬರೆಯಬೇಕು. ಕಂಡರೆ ಪಿ, ತಪ್ಪಿಸಿಕೊಂಡರೆ ಎಕ್ಸ್, ಎಕ್ಸ್ ಬಿದ್ದಲ್ಲಿಗೆ ಮತ್ತೆ ಹೋಗಬೇಕು. ಇರಬಹುದು, ಇದ್ದೀತು, ಪಾಪ ಬಂದೀತು, ಇವಕ್ಕೆ ವಹಿಯಲ್ಲಿ ಜಾಗ ಇಲ್ಲ. ನನಗೆ ಇದು ಕಷ್ಟ. 'ಹೀಗಿದೆ ಎಂದು ಇಟ್ಟುಕೊಳ್ಳೋಣ' ಎಂದು ದಿನಕ್ಕೆ ಹತ್ತು ಸಲ ಹಲಗೆಯ ಮೇಲೆ ಬರೆದು ಹೊಟ್ಟೆ ಹೊರೆಯುವವನು ನಾನು. ಅದೂ ಅಲ್ಲದೆ ನನ್ನ ಕಣ್ಣು ಹಕ್ಕಿಗಿಂತ ಮೊದಲು ಹಾವನ್ನು ಹುಡುಕುತ್ತದೆ. ಹಾವು ಕಾಣದಿದ್ದರೆ ಎಲ್ಲಿ ಅಡಗಿದೆಯೋ ಎಂಬ ಚಿಂತೆ. ನೆಗ್ಗಿನಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಚುಚ್ಚಿದರೆ, ಸಕ್ಕರೆ ಇದ್ದವರಿಗೆ ಕಾಲಿನ ಗಾಯ ಮಾಯುವುದಿಲ್ಲ ಎಂದು ಎಲ್ಲೋ ಓದಿದ್ದು ನೆನಪಾಗಿ, ಅಲ್ಲೇ ಕೂತು ಅಂಗಾಲು ತಿರುಗಿಸಿ ನೋಡಿಕೊಳ್ಳುತ್ತೇನೆ. ಅಷ್ಟರಲ್ಲಿ ಅಕ್ಕ ಮೂರು ಸಾಲು ಬರೆದಿರುತ್ತಾಳೆ.

ಆದರೂ ಆ ನಾಲ್ಕು ಬ್ಯಾಸಗಿಯಲ್ಲಿ ನಾನು ಒಂದಿಷ್ಟು ಕಲಿತೆ. ಎಲ್ಲ ಒಣಗಿ ಬೂದಿಯಾದಾಗಲೂ ತಂಗಡಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಸೀಳಿದ ಬಂಡೆಯ ನೆರಳಿನ ಪುಡಿಮಣ್ಣಿನಲ್ಲಿ ಬೆರಳಗಲದ ಕುಣಿ ತೋಡಿ, ತಳದಲ್ಲಿ ಹೂತುಕೊಂಡು, ಇರುವೆ ಜಾರಿ ಬೀಳುವುದನ್ನೇ ಕಾಯುವ ಹುಳ ಇದೆ. ಎಕ್ಕಿಗಿಡದ ಮೇಲೆ ಹಳದಿ ನೀಲಿ ಪಟ್ಟೆಯ ದೊಡ್ಡ ಮಿಡತೆ ಕೂತಿರುತ್ತದೆ. ಗಿಡದ ಹಾಲು ತಿಂದು ತಾನೂ ವಿಷವಾಗಿರುವುದರಿಂದ ಅದಕ್ಕೆ ಯಾರ ಹೆದರಿಕೆಯೂ ಇಲ್ಲ. ನಾಲ್ವತ್ತೊಂಬತ್ತು ವರ್ಷ ಬದುಕಿ ನಾನು ಹೊಟ್ಟೆಕಿಚ್ಚು ಪಟ್ಟದ್ದು ಆ ಮಿಡತೆಯ ಮೇಲೆ.

ವಹಿ ಮುಗಿಯುವುದು ಚಾತಕದಿಂದ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಲೆಯ ಮೇಲೆ ಜುಟ್ಟು, ಹಾರಿದರೆ ರೆಕ್ಕೆಯಲ್ಲಿ ಬಿಳಿ ಮಚ್ಚೆ. ಊರಲ್ಲಿ ಅದರ ಹೆಸರು ಕೇಳಿದರೆ ಕೆಲವರು ಮಳಿಹಕ್ಕಿ ಅಂದರು, ಕೆಲವರು ಜುಟ್ಟಿದ್ದದ್ದೆಲ್ಲ ಪಿಕಳಾರ ಅಂದು ಕೈ ತೊಳೆದುಕೊಂಡರು. ಮೊದಲ ಮೂರೂ ವರ್ಷ ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತಿಗೆ, ಅಂದರೆ ಜೂನಿನ ಮೊದಲ ವಾರದಲ್ಲಿ, ಹನ್ನೊಂದನೆಯ ಮನೆಯ ಜಾಲಿಯಲ್ಲೇ ಅದು ಮೊದಲು ಕಂಡಿತ್ತು. ಒಮ್ಮೆ ಅದಕ್ಕೆ ಪಿ ಬಿದ್ದರೆ ಆ ವರ್ಷದ ವಹಿ ಮುಚ್ಚಿದಂತೆ. ಇದು ಅಕ್ಕ ಮಾಡಿದ ಕಟ್ಟಳೆ.

ನಾಲ್ಕನೆಯ ವರ್ಷ, ಅಂದರೆ ಈಗ ಹೇಳುತ್ತಿರುವ ಬ್ಯಾಸಗಿಯಲ್ಲಿ, ಅಕ್ಕನಿಗೆ ಐದನೆಯ ಮನೆ ದಾಟಲಿಕ್ಕೆ ಆಗಲಿಲ್ಲ. ಎಲೆತೋಟದ ಗೋಡೆಯ ತನಕ ಬಂದು, ಕಲ್ಲಿನ ಮೇಲೆ ಕೂತು, ಬಲ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. ಉಳಿದ ಒಂಬತ್ತು ಮನೆಗಳಿಗೆ ನಾನೊಬ್ಬನೇ ಹೋಗಬೇಕು, ಬಂದು ವರದಿ ಒಪ್ಪಿಸಬೇಕು, ಅವಳು ಬರೆದುಕೊಳ್ಳಬೇಕು. ತಾನು ಕಾಣದ್ದನ್ನು ಬರೆಯುವುದು ಅವಳಿಗೆ ಇದೇ ಮೊದಲು. ಮೊದಲ ದಿನ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು. ಆಮೇಲೆ, "ನೀ ನನ್ನ ತಮ್ಮ ಅಲ್ಲೇನು. ನಿನ್ನ ಕಣ್ಣ ನನ್ನ ಕಣ್ಣ ಒಂದ," ಎಂದು ಬರೆದಳು.

ಬಾಗಲಕೋಟೆಯ ಎಲುಬಿನ ಡಾಕ್ಟರು ನೋಡಿ, ಚಿಪ್ಪು ಪೂರ್ತಿ ಸವೆದಿದೆ, ಬದಲಿಸಲೇಬೇಕು ಎಂದಿದ್ದರು. ಮೇ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿದೆವು. ಆ ದಿನ ಹತ್ತಿರ ಬಂದಾಗ ಅಕ್ಕ, "ಇನ್ನ ಚಾತಕ ಬಂದಿಲ್ಲಲ್ಲ. ವಹಿ ಅರ್ಧಾ ಬಿಟ್ಟು ಹೆಂಗ ಹೋಗೂದು?" ಎಂದು ಒಂದು ವಾರ ಮುಂದಕ್ಕೆ ಹಾಕಿಸಿದಳು. ಸಾವಿರಾರು ಕೂಸುಗಳ ತೊಡೆಗೆ ಸೂಜಿ ಚುಚ್ಚಿದವಳಿಗೆ ಸೂಜಿ ಎಂದರೆ ಹೆದರಿಕೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಇದ್ದದ್ದು ಅವಳ ಸೊಸೆಗೆ ಮಾತ್ರ. ಅವಳು ಪಡಸಾಲೆಯಲ್ಲಿ ಹೊಲಿಗೆ ಮಶಿನ್ ಇಟ್ಟುಕೊಂಡು ಊರಿನ ಹೆಂಗಸರ ಕುಬುಸ ಹೊಲಿಯುತ್ತಾಳೆ. ಅವಳ ಮಾತೂ ಸೂಜಿಯಷ್ಟೇ ಚೂಪು.

"ಅತ್ತಿಯಾರ, ಹಕ್ಕಿ ಬಂದು ಚೀಟಿ ಕೊಟ್ಟ ಮ್ಯಾಲ ದವಾಖಾನಿಗೆ ಹೋಗ್ತೀರೇನ್ರಿ?" ಎಂದಳು ಮಶಿನ್ ನಿಲ್ಲಿಸದೆ.

"ನಿನ್ನ ದಾರಾ ಗಂಟ ಬಿದ್ದೈತಿ, ಅದನ್ನ ನೋಡಿಕೋ," ಎಂದಳು ಅಕ್ಕ.

ನನ್ನ ಕಷ್ಟ ಬೇರೆ ಇತ್ತು. ಮೇ ಕೊನೆಗೆ ಸಾಲೆ ಚಾಲೂ ಆಗುತ್ತದೆ. ಆಮೇಲೆ ದವಾಖಾನೆಯಲ್ಲಿ ಅವಳ ಹತ್ತಿರ ಇರಲಿಕ್ಕೆ ನನಗೆ ರಜೆ ಸಿಗುವುದಿಲ್ಲ. ಅಕ್ಕನ ಮಗನಿಗೆ ಬಾದಾಮಿಯಲ್ಲಿ ಪಂಪಸೆಟ್ ರಿಪೇರಿ ಅಂಗಡಿ, ಬ್ಯಾಸಗಿಯಲ್ಲಿ ಅವನಿಗೆ ಊಟಕ್ಕೂ ಬಿಡುವಿಲ್ಲ. ಎರಡನೆಯ ಸಲ ಗೊತ್ತುಮಾಡಿದ ದಿನಕ್ಕೆ ಇನ್ನು ನಾಲ್ಕು ದಿನ ಇತ್ತು. ಅದೂ ತಪ್ಪಿದರೆ ದಸರೆಯ ಸೂಟಿಯೇ ಗತಿ. ಅಷ್ಟರಲ್ಲಿ ಅವಳು ಬಚ್ಚಲಲ್ಲಿ ಜಾರಿ ಬೀಳುತ್ತಾಳೆ, ಬಲಗಾಲಿನ ಭಾರ ಹೊತ್ತು ಎಡಗಾಲಿನ ಚಿಪ್ಪೂ ಹೋಗುತ್ತದೆ, ಹಾಸಿಗೆ ಹಿಡಿಯುತ್ತಾಳೆ. ಒಂದನೆಯ ಮನೆಯಿಂದ ಹನ್ನೊಂದನೆಯ ಮನೆಗೆ ಹೋಗುವಷ್ಟರಲ್ಲಿ ನಾನು ಅವಳನ್ನು ಮನಸ್ಸಿನಲ್ಲಿ ಪೂರ್ತಿ ಮಲಗಿಸಿಬಿಟ್ಟಿದ್ದೆ.

ಅವತ್ತು ಹನ್ನೊಂದನೆಯ ಮನೆಯಲ್ಲಿ ಅರ್ಧ ತಾಸು ನಿಂತೆ. ಜಾಲಿಯ ನೆರಳು ಅಂದರೆ ಜರಡಿಯ ನೆರಳು, ನಿಂತರೂ ಒಂದೇ, ಬಿಟ್ಟರೂ ಒಂದೇ. ಎರಡು ಬೆಳವ, ಒಂದು ಕಾಜಾಣ. ತೊಗಟೆಯ ಮೇಲೆ ಕಟ್ಟಿರುವೆಗಳ ಸಾಲು. ಗಾಳಿ ಸತ್ತಿತ್ತು. ಬೆವರು ಕನ್ನಡಕದ ಮೇಲೆ ಇಳಿದು, ಒರೆಸಿ, ಮತ್ತೆ ಇಳಿಯಿತು. ಚಾತಕ ಬರಲಿಕ್ಕೆ ಇನ್ನೂ ಹದಿನೈದು ದಿನ ಇದೆ ಎಂದು ಹಿಂದಿನ ಮೂರು ವಹಿಗಳೇ ಹೇಳುತ್ತಿದ್ದವು. ನನಗೆ ದಣಿವಾಗಿತ್ತು. ಆ ಒಂದು ಬೆಳಗಿನದಲ್ಲ, ಇಡೀ ವರ್ಷದ್ದು. ಉಳಿದ ಮೂರು ಮನೆಗಳಿಗೆ ಹೋಗದೆ ಇಳಿದು ಬಂದೆ.

ಅಕ್ಕ ಗೋಡೆಗೆ ಒರಗಿ, ವಹಿ ತೊಡೆಯ ಮೇಲಿಟ್ಟು ಕೂತಿದ್ದಳು. ಪಕ್ಕದಲ್ಲಿ ಎಲೆತೋಟದ ಚಾಚಾ ವೀಳ್ಯದೆಲೆಯ ಕಟ್ಟಿಗೆ ನೀರು ಚಿಮುಕಿಸುತ್ತ ಇದ್ದರು. ಅವರ ಮನೆತನ ತಲೆಮಾರುಗಳಿಂದ ಆ ತೋಟ ಮಾಡುತ್ತ ಬಂದದ್ದು.

"ಬಂತೇನು?" ಎಂದಳು ಅಕ್ಕ. ದಿನಾ ಕೇಳುವಂತೆಯೇ ಕೇಳಿದಳು.

"ಬಂತು," ಎಂದೆ.

ಅವಳು ಪೆನ್ನಿನ ಟೋಪಿ ತೆಗೆದಳು. "ಎಷ್ಟು?"

"ಒಂದು."

"ಕೂಗ್ತೇನು?"

"ಇಲ್ಲ. ಸುಮ್ನ ಕುಂತಿತ್ತು."

"ಜುಟ್ಟ?"

"ಇತ್ತು."

"ಹಾರಿದಾಗ ರೆಕ್ಕ್ಯಾಗ ಬಿಳಿ ಮಚ್ಚಿ ಕಂಡ್ತ?"

"ಕಂಡ್ತು."

"ಯಾವ ಕಡೆ ಹೋತು?"

ಇಷ್ಟು ಸವಾಲು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಕೈ ತಾನಾಗಿ ಎದ್ದ ದಿಕ್ಕಿಗೆ ತೋರಿಸಿದೆ. "ಬಾದಾಮಿ ಕಡೆ."

"ಬಾದಾಮ್ಯಾಗ ಏನ್ ಕೆಲಸ ಇತ್ತೋ ಪಾಪ," ಎಂದರು ಚಾಚಾ. ಆಮೇಲೆ ನೀರಿನ ಕೈ ನಿಲ್ಲಿಸಿ, "ಬಾಯಾರ, ಹಂಗಿದ್ರ ಈ ಸಲ ಮಳಿ ಲಗೂನ ಬರ್ತೈತಿ ಅನ್ರಿ. ಹೋದ ವರ್ಷ ನೀವು ಹಕ್ಕಿ ಬಂತು ಅಂದ ಎಂಟ ದಿನಕ್ಕ ಹೊಡೀತು. ನಾಳೆನ ಮ್ಯಾಳಗಿಗೆ ಮಣ್ಣ ಹಾಕಸ್ತೇನಿ," ಎಂದರು.

ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿಸುವುದು ನಮ್ಮ ಕಡೆಯ ಪದ್ಧತಿ. ನನ್ನ ಒಂದು ಸುಳ್ಳಿಗೆ ಆ ಹಿರಿಯರು ಮರುದಿನ ಉರಿಬಿಸಿಲಲ್ಲಿ ಮಣ್ಣು ಹೊರಿಸಿದರು. ನಾನು ಹಿತ್ತಲಿನಿಂದ ಅವರ ಮಾಳಿಗೆ ನೋಡುತ್ತ, ಯಾರಾದರೂ ಮೇಲಿಂದ ಬಿದ್ದರೆ ಎಂದು ಇಡೀ ಮಧ್ಯಾಹ್ನ ಚಿಂತೆ ಮಾಡಿದೆ. ಯಾರೂ ಬೀಳಲಿಲ್ಲ.

ಅಕ್ಕ ಹನ್ನೊಂದನೆಯ ಮನೆಗೆ ಪಿ ಹಾಕಿದಳು. ಕೆಳಗೆ ಗೀಟು ಎಳೆದಳು. ಇಲ್ಲಿಯವರೆಗೆ ಬಂದವುಗಳಲ್ಲಿ ಇದೇ ಎಲ್ಲಕ್ಕಿಂತ ಮುಂಚೆ ಬಂದದ್ದು ಎಂದು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಳು. ವಹಿ ಮುಚ್ಚಿ, "ನಡಿ, ಇನ್ನ ನನ್ನ ಮೊಣಕಾಲಿಗೂ ಪಿ ಹಾಕಸಾಕ ಹೋಗೂಣು," ಎಂದಳು. ಅವಳ ಮುಖದಲ್ಲಿ ಹೆದರಿಕೆಯೂ ಇತ್ತು, ನಗುವೂ ಇತ್ತು.

ಬಾಗಲಕೋಟೆಯಲ್ಲಿ ಆಪರೇಶನ್ ಸರಳವಾಗಿ ಆಯಿತು. ನಾನು ಚಿಂತಿಸಿದ್ದ ಹದಿನೇಳು ಅನಾಹುತಗಳಲ್ಲಿ ಒಂದೂ ನಡೆಯಲಿಲ್ಲ. ಅಷ್ಟೂ ಚಿಂತೆ ದಂಡವಾಯಿತು ಎಂದು ಒಂದು ಗಳಿಗೆ ಬೇಜಾರೂ ಆಯಿತು. ಅಕ್ಕ ವಹಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಡ್ರೆಸಿಂಗ್ ಮಾಡಲು ಬಂದ ಸಣ್ಣ ವಯಸ್ಸಿನ ನರ್ಸಿಗೆ ಅದನ್ನು ತೆಗೆದು ತೋರಿಸಿದಳು. ಆ ಹುಡುಗಿ ಪುಟ ತಿರುಗಿಸಿ, "ಅಮ್ಮಾರ, ಇದರಾಗ ಒಂದೂ ಕಾಟ್ ಇಲ್ಲಲ್ರಿ," ಎಂದಿತು.

"ಕಂಡದ್ದು ಬರದ್ರ ಕಾಟ್ ಯಾಕ ಬೀಳ್ತೈತಿ," ಎಂದಳು ಅಕ್ಕ. ನಾನು ಎಳನೀರು ತರುತ್ತೇನೆಂದು ಹೊರಗೆ ಹೋದೆ. ಎಳನೀರಿನವನ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ.

ಸಾಲೆ ಚಾಲೂ ಆಯಿತು. ವಾರವೆಲ್ಲ ಪಾಠ, ಪುಸ್ತಕ ಹಂಚುವುದು, ಹೊಸ ಹಾಜರಿ. ಶನಿವಾರ ಮಧ್ಯಾಹ್ನ ಇಳಕಲ್ಲಿನಿಂದ ಗುಳೇದಗುಡ್ಡದ ಮೇಲೆ ಬರುವ ಬಸ್ಸು ಹಿಡಿದು ಚೊಳಚಗುಡ್ಡ, ರವಿವಾರ ಸಂಜೆ ವಾಪಸ್. ಬಸ್ಸಿನಲ್ಲಿ ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ನಿಂತೇ ನಿದ್ದೆ. ಅಕ್ಕ ವಾಕರ್ ಹಿಡಿದು ಪಡಸಾಲೆಯಿಂದ ಬಚ್ಚಲತನಕ ಹೋಗಿ ಬರುತ್ತಿದ್ದಳು. ವ್ಯಾಯಾಮ ಮಾಡು ಎಂದರೆ ನಾಳೆ ಎನ್ನುತ್ತಿದ್ದಳು. ಉಳಿದ ಹೊತ್ತು ಕಟ್ಟೆಯ ಮೇಲಿನ ಖುರ್ಚಿ.

ಜೂನಿನ ಎರಡನೆಯ ರವಿವಾರ. ಬೆಳಿಗ್ಗೆಯಿಂದ ಮೋಡ ಹಾಕಿ ಸೆಕೆ ಹಿಚುಕುತ್ತಿತ್ತು. ಮಳೆ ಇನ್ನೂ ಬಂದಿರಲಿಲ್ಲ. ನಾನು ಅಕ್ಕನ ಖುರ್ಚಿಯ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಒಳಗೆ ಸೊಸೆಯ ಮಶಿನ್ ಓಡುತ್ತಿತ್ತು. ಬೇವಿನಮರದ ಕಡೆಯಿಂದ ಪಿಯೂ ಪಿಯೂ ಎಂದು ತೀಕ್ಷ್ಣವಾದ ಕೂಗು ಬಂತು. ಮತ್ತೊಂದು ಕೂಗು ಅದಕ್ಕೆ ಉತ್ತರ ಕೊಟ್ಟಿತು. ಎರಡು ಹಕ್ಕಿ ಒಂದರ ಹಿಂದೊಂದು ಬೇವಿನಿಂದ ಹೊರಟು, ಕರೆಂಟಿನ ತಂತಿಯ ಮೇಲೆ ಬಂದು ಕೂತವು. ಕಪ್ಪು, ಬಿಳುಪು, ಜುಟ್ಟು.

ನನ್ನ ಕೈಯಲ್ಲಿನ ಶೇಂಗಾ ಕೈಯಲ್ಲೇ ಉಳಿಯಿತು.

ಅಕ್ಕ ಬಹಳ ಹೊತ್ತು ತಂತಿಯ ಕಡೆ ನೋಡಿದಳು. ಅವಳ ಹಣೆಯ ಮೇಲೆ ಗೆರೆ ಮೂಡಿತು. ಲೆಕ್ಕ ಹಾಕುವಾಗ ಮೂಡುವ ಗೆರೆ ಅದು.

"ತಮ್ಮಾ," ಎಂದಳು, "ಇದು ಬಂದು ಇಪ್ಪತ್ತ ದಿನಾ ಆತಲ್ಲ. ದವಾಖಾನಿಂದ ಬಂದಾಗಿಂದ ನಾ ದಿನಾ ಇಲ್ಲೇ ಕುಂತೇನಿ, ಒಂದ ದಿನಾನೂ ದನಿ ಕೇಳಿಲ್ಲ. ನೀನೂ ಅವತ್ತ ಸುಮ್ನ ಕುಂತಿತ್ತು ಅಂದಿ. ಅಂದ್ರ ಇದು ಮೊದಲ ಬಂದು ಬಾಯಿ ಮುಚಗೊಂಡ ಇರ್ತೈತಿ. ಮೋಡ ಆದ ಮ್ಯಾಲಷ್ಟ ಕೂಗತೈತಿ."

ನಾನು ಸುಲಿದ ಬೀಜವನ್ನು ಸಿಪ್ಪೆಯ ರಾಶಿಗೆ ಹಾಕಿದೆ.

"ಇಷ್ಟ ವರ್ಷ ನಾವು ಕೂಗಿದ ಮ್ಯಾಲ ಬಂತು ಅಂತ ಬರದೀವಿ. ಅದರ ಮೊದಲ ಬಂದು ಕುಂತಿದ್ದು ನಮಗ ಕಂಡಿಲ್ಲ. ನಾವ ತಪ್ಪ ಬರದೀವಿ." ಅವಳ ದನಿಯಲ್ಲಿ ಹುರುಪು ಏರಿತು. ಆಪರೇಶನ್ ಆದ ಮೇಲೆ ಅಂಥ ದನಿ ಕೇಳಿರಲಿಲ್ಲ. "ಹಿಂದಿನ ವಹಿ ಮೂರೂ ತಗದು, ಚಾತಕದ ಮುಂದ ಒಂದೊಂದು ಟಿಪ್ಪಣಿ ಬರೀಬೇಕು. ಊರ ಸಾಲಿ ಮಾಸ್ತರು ಮುಂದಿನ ವಾರ ಮಕ್ಕಳಿಗೆ ಹಕ್ಕಿ ಬಗ್ಗೆ ಹೇಳ್ರಿ ಅಂತ ಕೇಳ್ಯಾರ. ಇದನ್ನ ಹೇಳ್ತೇನಿ. ವಹಿ ತಾ."

ನನಗೆ ಆಗ ತಿಳಿಯಿತು. ಸುಳ್ಳು ಬರೆದ ಪುಟದಲ್ಲೇ ಉಳಿದಿದ್ದರೆ ನಾನು ಅದನ್ನು ಹೊತ್ತುಕೊಂಡೇ ಸಾಯುತ್ತಿದ್ದೆ, ಅಷ್ಟು ಅಭ್ಯಾಸ ನನಗಿದೆ. ಆದರೆ ಅದು ಈಗ ಎದ್ದು ಹಿಂದಿನ ಮೂರು ವರ್ಷದ ಖರೆ ಪುಟಗಳನ್ನು ತಿದ್ದಲು ಹೊರಟಿತ್ತು. ಅಲ್ಲಿಂದ ಸಾಲೆಗೂ ಹೋಗುವುದಿತ್ತು. ಮುಂದಿನ ವಾರ ಒಂದು ಕೋಣೆ ತುಂಬ ಮಕ್ಕಳು ಚಾತಕ ಇಪ್ಪತ್ತು ದಿನ ಮೂಕವಾಗಿರುತ್ತದೆ ಎಂದು ಕಲಿಯಲಿದ್ದವು. ನಾನು ಎಷ್ಟೆಂದರೂ ಮಾಸ್ತರ.

"ಅಕ್ಕಾ," ಎಂದೆ, "ಅವತ್ತ ಬಂದಿದ್ದಿಲ್ಲ."

"ಯಾವುದು?"

"ಚಾತಕ. ಹನ್ನೊಂದನೇ ಮನ್ಯಾಗ ಅವತ್ತ ಇದ್ದದ್ದು ಎರಡ ಬೆಳವ, ಒಂದ ಕಾಜಾಣ. ನಾ ಸುಳ್ಳ ಹೇಳೇನಿ."

ಒಳಗೆ ಮಶಿನ್ ನಿಂತಿತು.

"ಯಾಕ?" ಎಂದಳು ಅಕ್ಕ.

"ನೀ ಆಪರೇಶನ್ ಮುಂದ ಮುಂದ ಹಾಕಾಕತ್ತಿದ್ದಿ. ಬೀಳ್ತೀ ಅಂತ ನನಗ ಚಿಂತಿ. ಮತ್ತ..." ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ಕಾಟು ಹೊಡೆದ ಮೇಲೆ ಇನ್ನೊಂದು ಸುಳ್ಳು ಉಳಿಸುವುದು ಬೇಡ ಅನಿಸಿತು. "ಮತ್ತ ನಂದು ಸಾಲಿ ಚಾಲೂ ಆಗೂದಿತ್ತು. ಆಮ್ಯಾಲ ನನಗ ರಜಾ ಸಿಗತಿದ್ದಿಲ್ಲ."

ಅವಳು ಕಾಲಿನ ಬಗ್ಗೆ ಏನಾದರೂ ಅನ್ನುತ್ತಾಳೆ ಎಂದುಕೊಂಡಿದ್ದೆ. ಮೋಸ ಮಾಡಿ ಕಾಲು ಕೊಯ್ಸಿದಿ ಎಂದು ಬೈದರೆ, ನಿನ್ನ ಒಳ್ಳೆಯದಕ್ಕೆ ಎಂದು ಹೇಳಲು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವಳು ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ.

"ಅವತ್ತಿನ ಮ್ಯಾಲ ನೀ ಹನ್ನೊಂದನೇ ಮನಿಗೆ ಹೋಗಿದ್ದೇನು?" ಎಂದು ಕೇಳಿದಳು.

"ಇಲ್ಲ. ವಹಿ ಮುಚ್ಚಿತ್ತಲ್ಲ."

"ಖರೇ ಯಾವತ್ತ ಬಂತು ಅನ್ನೂದು ಈಗ ಯಾರಿಗೆ ಗೊತ್ತು?"

ನಾನು ಶೇಂಗಾ ಸಿಪ್ಪೆ ಆರಿಸತೊಡಗಿದೆ.

"ಅದ ನೋಡು. ಒಂದ ಮನಿಗೆ ಸುಳ್ಳ ಪಿ ಹಾಕಿದ್ರ ಆಗೂದು ಅದ. ಆ ಮನಿಗೆ ಮತ್ತ ಯಾರೂ ಹೋಗೂದಿಲ್ಲ. ಕೂಸು ಒಳಗ ಇದ್ರೂ ಇಲ್ಲದಂಗ." ಅವಳು ಜೋರು ಮಾಡಲಿಲ್ಲ. ಉಪಕೇಂದ್ರಕ್ಕೆ ಹೊಸದಾಗಿ ಬಂದ ಹುಡುಗಿಯರಿಗೆ ಕಲಿಸುವ ದನಿಯಲ್ಲೇ ಹೇಳಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಮೂವತ್ತ ವರ್ಷದಾಗ ನನ್ನ ಕೈಯಾಗ ಹಂಗ ಒಂದೂ ಆಗಿದ್ದಿಲ್ಲ. ನಿನ್ನ ಕಣ್ಣ ನನ್ನ ಕಣ್ಣ ಒಂದ ಅಂದೆ. ಅದು ನಂದ ತಪ್ಪು."

ಸೊಸೆ ವಹಿ ತಂದುಕೊಟ್ಟಳು. ಕೊಡುವಾಗ ನನ್ನ ಕಡೆ ನೋಡಿ, "ಮಾವಾರ, ಹಕ್ಕಿ ಹಾರಿಸಿ ಅತ್ತಿಯಾರನ ದವಾಖಾನಿ ಹತ್ತಿ‍ಸಿದ್ರಲ್ರಿ. ನಾವು ಎರಡ ವರ್ಷ ಬಾಯಿ ಬಡಕೊಂಡ್ರೂ ಆಗಿದ್ದಿಲ್ಲ," ಎಂದಳು. ನನಗೆ ಆಸರೆ ಕೊಡಲೆಂದೇ ಅಂದಳೋ ಏನೋ.

"ನೀ ಸುಮ್ನಿರು," ಎಂದಳು ಅಕ್ಕ.

ಅವಳು ಆ ಪುಟ ತೆಗೆದಳು. ಪಿ ಅನ್ನು ಗೀಚಿ ಅಳಿಸಲಿಲ್ಲ, ಕೆಳಗಿರುವುದು ಓದಲು ಬರುವಂತೆ ಒಂದೇ ಗೀಟು ಎಳೆದಳು. ಪಕ್ಕದಲ್ಲಿ ಎಕ್ಸ್ ಬರೆದಳು. ಎಲ್ಲಕ್ಕಿಂತ ಮುಂಚೆ ಬಂದದ್ದು ಎಂಬ ಸಣ್ಣಕ್ಷರದ ಸಾಲಿಗೂ ಒಂದು ಗೀಟು. ತನ್ನ ಸಹಿ ಹಾಕಿ, ವಹಿ ನನ್ನ ಕಡೆ ತಿರುಗಿಸಿ, ನನ್ನ ಸಹಿಯನ್ನೂ ಹಾಕಿಸಿಕೊಂಡಳು. ಕೆಳಗೆ ಹೊಸ ಸಾಲು: ಒಂದನೆಯ ಮನೆ, ಚಾತಕ, ಎರಡು, ಕೂಗು ಕೇಳಿತು, ಬಂದ ದಿನ ತಿಳಿಯದು. ತಂತಿಯ ಮೇಲಿದ್ದ ಹಕ್ಕಿಗಳು ಯಾವಾಗಲೋ ಹಾರಿಹೋಗಿದ್ದವು. ಅವು ಹೋದದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ಅವತ್ತು ಸಂಜೆ ನಾನು ಬಸ್ಸಿಗೆ ಹೊರಟಾಗ ಅವಳು, "ಬುತ್ತಿ ಮರತೀ," ಎಂದಷ್ಟೇ ಅಂದಳು.

ಮುಂದಿನ ಶನಿವಾರ ನಾನು ಹೋದಾಗ ಅವಳು ಹಿತ್ತಲಲ್ಲಿದ್ದಳು. ವಾಕರ್ ಊರಿಕೊಂಡು, ಸೊಸೆಯ ಮಾತು ಕೇಳದೆ, ಬೇವಿನಮರದ ತನಕ ಹೋಗಿ ನಿಂತಿದ್ದಳು. ಚಾಚಾ ಬೇಲಿಯ ಆಚೆಯಿಂದ, "ಮಾಸ್ತರ, ನಿಮ್ಮ ಹಕ್ಕಿ ಸುಳ್ಳ ಆದ್ರೂ ನನ್ನ ಮ್ಯಾಳಗಿ ಖರೇನ ಸೋರೂದು ನಿಂತು ನೋಡ್ರಿ," ಎಂದರು. ಅಂದರೆ ಸುದ್ದಿ ಊರೆಲ್ಲ ಆಗಿತ್ತು. ಸಾಲೆಯ ಮಕ್ಕಳಿಗೂ ಹೇಳಿದ್ದಳಂತೆ, ಹಕ್ಕಿಯ ಬಗ್ಗೆ ಅಲ್ಲ, ಸುಳ್ಳು ಪಿ ಬಗ್ಗೆ. ಹೆಸರು ಹೇಳಲಿಲ್ಲ, ಒಬ್ಬ ಗಣಿತದ ಮಾಸ್ತರ ಅಂತಷ್ಟೇ ಅಂದೆ ಎಂದಳು. ಚೊಳಚಗುಡ್ಡಕ್ಕೆ ಬಂದುಹೋಗುವ ಗಣಿತದ ಮಾಸ್ತರು ಎಷ್ಟು ಜನ ಎಂದು ನಾನು ಕೇಳಲಿಲ್ಲ.

"ಮುಂದಿನ ಬ್ಯಾಸಗಿ ಹನ್ನೊಂದನೇ ಮನಿಗೆ ನಾನ ಹೋಗ್ತೇನಿ," ಎಂದಳು. "ನೀ ಹಿಂದ ನೀರಿನ ಬಾಟ್ಲಿ ತಗೊಂಡು ಬಾ. ನೋಡೂದು ಬ್ಯಾಡ, ಹೇಳೂದು ಬ್ಯಾಡ."

ನಾಳೆ ನಾಳೆ ಎನ್ನುತ್ತಿದ್ದ ವ್ಯಾಯಾಮವನ್ನು ಅವಳು ಈಗ ದಿನಕ್ಕೆ ಮೂರು ಹೊತ್ತು ಮಾಡುತ್ತಿದ್ದಳು. ವ್ಯಾಯಾಮ ಕಲಿಸುವವರು ಖುಷಿಪಟ್ಟರಂತೆ. ನನಗೆ ಮಾತ್ರ ಹೊಸ ಚಿಂತೆ ಹತ್ತಿತು. ನೆಲ ಸಮ ಇಲ್ಲ, ವಾಕರಿನ ಕಾಲು ಇಲಿಬಿಲಕ್ಕೆ ಸಿಕ್ಕರೆ, ಮಳೆಯಾಗಿ ಜಾರಿದರೆ. ಹೇಳಲು ಬಾಯಿ ಇರಲಿಲ್ಲ. ನನ್ನ ಚಿಂತೆಗೆ ಆ ಮನೆಯಲ್ಲಿ ಬೆಲೆ ಹೋಗಿತ್ತು.

ಹನ್ನೊಂದನೆಯ ಮನೆಗೆ ಎಕ್ಸ್ ಬಿದ್ದ ಮೇಲೆ ಆ ವರ್ಷದ ವಹಿ ಮತ್ತೆ ತೆರೆದಂತಾಗಿತ್ತು. ಜುಲೈಯ ಒಂದು ರವಿವಾರ ಬೆಳಿಗ್ಗೆ ಅವಳು ಮೊದಲ ಸಲ ಎರಡನೆಯ ಮನೆ ಮುಟ್ಟಿದಳು. ವಾಕರ್ ಬಿಟ್ಟು ಕೋಲಿಗೆ ಬಂದಿದ್ದಳು. ನಾನು ಬಾಟಲಿ ಹಿಡಿದು ಎರಡು ಹೆಜ್ಜೆ ಹಿಂದೆ. ಮಳೆ ಬಿದ್ದು ಲೆಕ್ಕಿ ಕಂಟಿ ನೀಲಿ ಹೂ ಬಿಟ್ಟಿತ್ತು. ಅವಳು ಕೈಪಂಪಿನ ಕಟ್ಟೆಯ ಮೇಲೆ ಕೂತು, ಉಸಿರು ಇಳಿಯುವ ತನಕ ಕಾದು, ಹೂ ಬರೆದಳು, ಹೂವಿನ ಮೇಲಿನ ಜೇನುಹುಳ ಬರೆದಳು.

ಆಗ ಅವಳ ಬೆನ್ನ ಹಿಂದೆ, ಕಂಟಿಯ ಬುಡದಲ್ಲಿ, ಒಂದು ಚಿಕ್ಕ ಹಕ್ಕಿ ಬಂದು ಕೂತಿತು. ಕಂದು ಬಣ್ಣ, ಎತ್ತಿದ ಬಾಲ. ಹೆಸರು ನನಗೆ ಗೊತ್ತಿಲ್ಲ. ನಾಲ್ಕು ವರ್ಷದಲ್ಲಿ ಅದನ್ನು ನಾನು ನೋಡಿರಲಿಲ್ಲ.

"ಅಕ್ಕಾ," ಎಂದೆ ಮೆಲ್ಲಗೆ.

"ಏನು?"

"ನಿನ್ನ ಹಿಂದ."

ಅವಳು ಅವಸರ ಮಾಡಲಿಲ್ಲ, ಮಾಡಲು ಕಾಲೂ ಬಿಡುತ್ತಿರಲಿಲ್ಲ. ಕೋಲು ಊರಿ, ಮೊದಲು ಎಡಗಾಲು ಸರಿಸಿ, ಆಮೇಲೆ ಹೊಸ ಚಿಪ್ಪಿನ ಬಲಗಾಲು ಸರಿಸಿ, ಸೊಂಟ ತಿರುಗಿಸಿ, ಪೂರ್ತಿ ಹಿಂದಕ್ಕೆ ಹೊರಳಿದಳು. ಅಷ್ಟರಲ್ಲಿ ಹಕ್ಕಿ ಹೋಗಿತ್ತು. ಬುಡದಲ್ಲಿ ಒಂದು ಒಣ ಎಲೆ ಇನ್ನೂ ಅಲ್ಲಾಡುತ್ತಿತ್ತು.

ಅವಳು ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹೆಂಗಿತ್ತು ಎಂದು ಕೇಳಬಹುದೆಂದು ಕಾದೆ. ಕೇಳಲಿಲ್ಲ. ಒಂದು ತಪ್ಪಿತು ಎಂದು ಎರಡನೆಯ ಮನೆಯ ಮುಂದೆ ಎಕ್ಸ್ ಬರೆದು, ಪೆನ್ನಿಗೆ ಟೋಪಿ ಹಾಕಿ, ಏಳಲು ನನ್ನ ಕಡೆ ಕೈ ಚಾಚಿದಳು.

"ನಾಳೆ ಮತ್ತ ಬರೂಣು," ಎಂದಳು.

ನಾಳೆ ಸೋಮವಾರ, ನನಗೆ ಸಾಲೆ ಇತ್ತು. ಅದನ್ನು ಹೇಳದೆ ಅವಳ ಕೈ ಹಿಡಿದು ಎಬ್ಬಿಸಿದೆ.